ಅರವತ್ತನೆಯ ದೀಪ

ತನ್ನ ಕೋಣೆಯ ಕಿಟಕಿಗೆ ಬೇರೆ ಯಾರೋ ಪರದೆಯ ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದು ನಿಲ್ಲಬೇಕಾದೀತೆಂದು ವರ್ಲಿನ್ ಸ್ಟೋಲ್ಟ್ಸ್ ಕನಸಿನಲ್ಲೂ ಎಣಿಸಿರಲಿಲ್ಲ. ಅಳೆಯುತ್ತಿದ್ದವಳು ಆಸ್ಟ್ರಿಡ್ ನೀಲ್ಸನ್, ಎರಡು ತಿಂಗಳ ಹಿಂದೆ ಅವನನ್ನು ಸಾವಿರದ ನೂರು ಮತಗಳಿಂದ ಸೋಲಿಸಿದ ದನದ ಡಾಕ್ಟರು. ಬೆಳಗಿನ ಎಂಟೂವರೆಗೆ ಬಾಗಿಲು ತಟ್ಟಿ, "ಐದೇ ನಿಮಿಷ, ನೀವು ಕೂತ್ಕೊಂಡಿರಿ, ಏಳ್ಬೇಡಿ" ಎನ್ನುತ್ತಾ ಒಳಗೆ ಬಂದಿದ್ದಳು. ಏಳಬೇಡಿ ಎಂದು ಹೇಳಿಸಿಕೊಂಡ ಮೇಲೆ ಕೂತಿರುವುದೂ ಕಷ್ಟ, ಏಳುವುದೂ ಕಷ್ಟ. ಅವನು ಅರ್ಧ ಎದ್ದ. ಅಷ್ಟರಲ್ಲಿ ಅವಳು ಟೇಪಿನ ತುದಿಯನ್ನು ಅವನ ಕೈಗೆ ಕೊಟ್ಟು, "ಮೂಲೆಗೆ ಒತ್ತಿ ಹಿಡೀರಿ, ಹಾಂ, ಹಾಗೇ, ಒಳ್ಳೇದು" ಎಂದಳು. ಕಾಲು ಮುರಿದ ಹಸುವಿನ ಹತ್ತಿರ ಆಡುವ ಮೆತ್ತನೆಯ ದನಿ. ಹದಿನಾರು ವರ್ಷ ಈ ಕಿಟಕಿಯಿಂದಲೇ ಶಾಸನಸಭೆಯ ಮೆಟ್ಟಿಲುಗಳನ್ನು ನೋಡಿದ್ದ ವರ್ಲಿನ್, ಅದರ ಅಗಲ ಎಪ್ಪತ್ತೆರಡು ಅಂಗುಲ ಎಂಬುದನ್ನು ಇವತ್ತು ತಿಳಿದುಕೊಂಡ. ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಶುಕ್ರವಾರವೇ ಕಿತ್ತಿದ್ದರು. ಸ್ಕ್ರೂ ತೆಗೆದ ನಾಲ್ಕು ತೂತುಗಳು ಮಾತ್ರ ಉಳಿದಿದ್ದವು. "ಹಳೇ ಪರದೆ ಬೇಕಿದ್ರೆ ಮನೆಗೆ ತಗೊಂಡ್ಹೋಗಿ" ಎಂದಳು ಅವಳು. ಅವನು ಥ್ಯಾಂಕ್ಸ್ ಹೇಳಿದ. ಹೇಳಿದ ಮೇಲೆ, ಯಾಕೆ ಹೇಳಿದೆ ಎಂದು ತನ್ನನ್ನೇ ಬೈದುಕೊಂಡ.

ಟೇಪನ್ನು ಸುತ್ತಿಕೊಳ್ಳುತ್ತಾ ಅವಳು ಕೇಳಿದಳು: "ಇವತ್ತು ಓಟು ಹಾಕ್ತೀರಾ?"

"ನೋಡೋಣ."

"ನೋಡೋದೇನು ಬಂತು, ನಿಮ್ಮ ತಮ್ಮನೇ ಅಲ್ಲಿದ್ದಾನಲ್ಲ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಪ್ರಮಾಣವಚನ. ಆಮೇಲೆ ನಾನು ಎರಡೂ ಕೈ ಎತ್ತಿದ್ರೂ ಆಗಲ್ಲ ರೀ. ಹೊಸ ಸಭೇಲಿ ಇದಕ್ಕೆ ನಲವತ್ತು ಜನಾನೂ ಇಲ್ಲ." ಬಾಗಿಲ ಬಳಿ ನಿಂತು, ಸ್ವಲ್ಪ ತಡೆದು, "ನಾನಾಗಿದ್ರೆ ಹಾಕ್ತಿದ್ದೆ" ಎಂದು ಹೋದಳು. ಗೆದ್ದವರಿಗೆ ಉದಾರವಾಗಿ ಮಾತಾಡುವುದು ಸುಲಭ ಎಂದುಕೊಂಡ ವರ್ಲಿನ್. ಗೆದ್ದಾಗಲೆಲ್ಲ ತಾನೂ ಹಾಗೆಯೇ ಮಾತಾಡಿದ್ದು ಅವನಿಗೆ ನೆನಪಾಗಲಿಲ್ಲ, ಅಥವಾ ನೆನಪಾಗಲು ಅವನು ಬಿಡಲಿಲ್ಲ.

ವಿಷಯ ಇಷ್ಟೇ. ಆಲ್ಡರ್ ಕ್ರೀಕ್ ಎಂಬಲ್ಲಿ ಬುದ್ಧಿ ಬೆಳೆಯದವರಿಗಾಗಿ ಸರ್ಕಾರ ನಡೆಸುವ ಒಂದು ಆಶ್ರಮ. ನೂರಾ ನಲವತ್ತು ಜನ ಅಲ್ಲಿದ್ದಾರೆ, ಅವರಲ್ಲಿ ಒಬ್ಬ ವರ್ಲಿನ್‌ನ ತಮ್ಮ ರೇಮಂಡ್. ವಯಸ್ಸು ಐವತ್ನಾಲ್ಕು, ಅಲ್ಲಿಗೆ ಸೇರಿ ಮೂವತ್ತೊಂದು ವರ್ಷ. ಇವತ್ತು ಮಸೂದೆ ಪಾಸಾದರೆ ಆಶ್ರಮ ಉಳಿಯುತ್ತದೆ. ಬಿದ್ದರೆ ಜೂನ್ ಕೊನೆಗೆ ಬೀಗ. ಅಲ್ಲಿದ್ದವರನ್ನೆಲ್ಲ ಐದೂವರೆ ಗಂಟೆ ದಾರಿಯ ಕಾಲ್ಡರ್‌ಗೆ, ಒಂದು ಕೋಣೆಗೆ ಆರು ಜನರಂತೆ ತುಂಬುತ್ತಾರೆ. ಮಸೂದೆಗೆ ಐವತ್ತೊಂದು ಮತ ಸಾಕಿದ್ದರೆ ಇದು ಅರ್ಧ ಗಂಟೆಯ ಕೆಲಸ. ಆದರೆ ಬೇಕಾದದ್ದು ನೂರರಲ್ಲಿ ಅರವತ್ತು. ಯಾಕೆಂದರೆ ಚುನಾವಣೆ ಮುಗಿದ ದಿನದಿಂದ ಹೊಸಬರು ಬಂದು ಕೂರುವ ದಿನದವರೆಗೆ, ಸೋತವರೂ ನಿವೃತ್ತರೂ ಇನ್ನೂ ಕುರ್ಚಿ ಬಿಡದ, ಇಲ್ಲಿನವರು ಕುಂಟ ಬಾತುಕೋಳಿಯ ಕಾಲ ಎಂದು ಹಾಸ್ಯ ಮಾಡುವ ಈ ದಿನಗಳಲ್ಲಿ, ಐದರಲ್ಲಿ ಮೂರು ಪಾಲು ಇಲ್ಲದೆ ಯಾವ ಮಸೂದೆಯೂ ಪಾಸಾಗಕೂಡದೆಂದು ಸಭೆಯ ನಲವತ್ನಾಲ್ಕನೆಯ ನಿಯಮ ಹೇಳುತ್ತದೆ. ಆ ನಿಯಮವನ್ನು ಎಲ್ಲರೂ ಕರೆಯುವುದು ಸ್ಟೋಲ್ಟ್ಸ್ ನಿಯಮ ಎಂದು. ಆರು ವರ್ಷದ ಹಿಂದೆ ಅದನ್ನು ತಂದವನು ವರ್ಲಿನ್. ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಆ ಮಹರಾಯ ಈಗ ಟೈ ಕಟ್ಟಿಕೊಂಡು ಸಭೆಗೆ ಇಳಿಯುತ್ತಿದ್ದ.

ಲಿಫ್ಟಿನಲ್ಲಿ ಅವನಿಗೆ ಪೆಟ್ರಿ ನೆನಪಾದ. ಆಗಸ್ಟ್ ಪೆಟ್ರಿ, ಎಪ್ಪತ್ತರ ಮುದುಕ, ಆ ವರ್ಷ ಸೋತವನು. ಸೋತ ಮೇಲೆ ಜನವರಿಯಲ್ಲಿ ಬಂದು ಸಿಗರೇಟಿನ ತೆರಿಗೆಗೆ ಹಸಿರು ಗುಂಡಿ ಒತ್ತಿದ. ಅದಕ್ಕೆ ಬದಲಾಗಿ ಅವನಿಗೆ ನದಿ ಮಂಡಳಿಯಲ್ಲಿ ಒಂದು ಕುರ್ಚಿ ಸಿಕ್ಕುತ್ತದೆಂದು ಗುಸುಗುಸು ಇತ್ತು. ವರ್ಲಿನ್ ಆಗ ಐವತ್ತೈದರ ಹುರುಪಿನಲ್ಲಿದ್ದ. ಮೈಕು ಹಿಡಿದು ಪೆಟ್ರಿಯ ಕಡೆಗೇ ಬೆರಳು ತೋರಿಸಿ ಮಾತಾಡಿದ. ಜನ ಕಿತ್ತೆಸೆದ ಕೈ ಜನರ ಮೇಲೆ ಕಾನೂನು ಬರೆಯಬಾರದು, ಸೋತವನಿಗೆ ಮಾನವಿದ್ದರೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಲಿ ಎಂದ. ಎಲ್ಲರೂ ಪೆಟ್ರಿಯ ಕೈ ನೋಡಿದರು. ಅವನು ಅದನ್ನು ಮೇಜಿನ ಕೆಳಗೆ ಮಾಡಿಕೊಂಡಾಗ ಸಭೆಯೆಲ್ಲ ನಕ್ಕಿತು. ಮರುದಿನ ಪತ್ರಿಕೆಗಳಲ್ಲಿ ವರ್ಲಿನ್‌ನ ಭಾವಚಿತ್ರ. ಪೆಟ್ರಿ ಕೊನೆಯ ದಿನ ಕಾರಿಡಾರಿನಲ್ಲಿ ಸಿಕ್ಕಿ, "ನನ್ ಹೆಂಡ್ತಿ ಮೇಲೆ ಗ್ಯಾಲರೀಲಿ ಕೂತಿದ್ಲು ಕಣಯ್ಯಾ" ಎಂದಷ್ಟೇ ಹೇಳಿದ, ದೂರಿನಂತೆ ಅಲ್ಲ, ಸುಮ್ಮನೆ ಒಂದು ಸಂಗತಿ ತಿಳಿಸುವಂತೆ. ನದಿ ಮಂಡಳಿಯ ಕುರ್ಚಿ ಅವನಿಗೆ ಸಿಗಲೇ ಇಲ್ಲ. ಯಾರೂ ಕೊಡುತ್ತೇನೆಂದು ಹೇಳಿರಲೂ ಇಲ್ಲವಂತೆ. ಅವನ ತಂಗಿ ಶ್ವಾಸಕೋಶದ ಕಾಯಿಲೆಯಿಂದ ಸತ್ತಿದ್ದಳಂತೆ, ಅದಕ್ಕೇ ಆ ಮತ. ಇದು ವರ್ಲಿನ್‌ಗೆ ತಿಳಿದದ್ದು ಪೆಟ್ರಿ ಸತ್ತಾಗ, ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲು ಓದಿ. ಓದಿ ಹಾಳೆ ಮಡಿಚಿ, ಮೊಟ್ಟೆ ತಿಂದು ಕೆಲಸಕ್ಕೆ ಹೋಗಿದ್ದ. ಲಿಫ್ಟಿನ ಬಾಗಿಲು ತೆರೆಯಿತು.

ಸಭಾಂಗಣದಲ್ಲಿ ಅವನ ಮೇಜಿನ ಮೇಲೆ ಹಳದಿ ಪ್ಲಾಸ್ಟಿಕ್ ಬಾತುಕೋಳಿ ಕೂತಿತ್ತು. ಸೋತವರ ಮೇಜಿನ ಮೇಲೆ ಕೊನೆಯ ದಿನ ಯಾರೋ ಒಂದೊಂದು ಇಡುವುದು ಇಲ್ಲಿನ ರೂಢಿ. ಯಾರು ಇಟ್ಟರೆಂದು ಕೇಳುವುದು ಮರ್ಯಾದೆಯಲ್ಲ, ನಗಬೇಕು. ಹನ್ನೊಂದು ಮೇಜುಗಳ ಮೇಲೆ ಹನ್ನೊಂದು ಬಾತುಕೋಳಿ. ವರ್ಲಿನ್ ನಕ್ಕ. ಪಕ್ಕದ ಕುರ್ಚಿಯ ಕ್ಲೈಡ್ ಬೋವೆಟ್ ಅದನ್ನು ಒಮ್ಮೆ ಒತ್ತಿ ಕುಯ್ ಎನಿಸಿ, "ನಿಂದು ಬೇರೆಯವ್ರದ್ದಕ್ಕಿಂತ ದಪ್ಪ ಐತೆ ಕಣೋ, ಖುಷಿ ಪಡು" ಎಂದ. ಕ್ಲೈಡ್ ಒಳ್ಳೆಯವನು. ಹದಿನಾರು ವರ್ಷದಿಂದ ಪಕ್ಕದಲ್ಲಿ ಕೂತಿದ್ದ. ಮೇಜಿನ ಗುಂಡಿ ಒತ್ತಿದರೆ ಗೋಡೆಯ ಫಲಕದಲ್ಲಿ ಸದಸ್ಯನ ಹೆಸರಿನ ಮುಂದೆ ದೀಪ ಹತ್ತುತ್ತದೆ, ಹೌದು ಎಂದರೆ ಹಸಿರು. ಪಕ್ಕದವನು ಕಾಫಿಗೋ ಫೋನಿಗೋ ಎದ್ದು ಹೋದಾಗ ಅವನ ಗುಂಡಿಯನ್ನೂ ಒತ್ತಿಬಿಡುವುದು ಈ ಸಭೆಯಲ್ಲಿ ಲಿಖಿತ ನಿಯಮವಲ್ಲ, ಹಳೆಯ ಸೌಜನ್ಯ. ಕ್ಲೈಡ್‌ಗೆ ಮೊಣಕಾಲು ನೋವು, ಬಗ್ಗಿ ಚಾಚಲಾರ. ಅದಕ್ಕೆಂದೇ ಬೆನ್ನು ಕೆರೆಯುವ ಬಿದಿರಿನ ಕೋಲೊಂದನ್ನು ಮೇಜಿನಲ್ಲಿ ಇಟ್ಟುಕೊಂಡಿದ್ದ.

ಪಕ್ಷದ ಸಚೇತಕಿ ರೋಸ್ಲಿನ್ ಟೇಟ್ ಪಟ್ಟಿ ಹಿಡಿದು ಬಂದಳು. ರಾತ್ರಿಯೆಲ್ಲ ಫೋನು ಮಾಡಿ ಮಾಡಿ ಅವಳ ಗಂಟಲು ಕಟ್ಟಿತ್ತು. "ಅರವತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನೀನು ಅರವತ್ತನೇವ್ನು ವರ್ಲಿನ್. ಕೆಮ್ಮಿದ್ರೂ ಕೂತಲ್ಲೇ ಕೆಮ್ಮು, ಆಯ್ತಾ?"

"ಆಯ್ತಮ್ಮ."

"ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀ? ನಿನ್ನ ತಮ್ಮನಿಗೋಸ್ಕರ ನಾನು ಐವತ್ತೊಂಬತ್ತು ಜನರ ಕಾಲು ಹಿಡಿದಿದ್ದೀನಿ. ನಿಂದೂ ಹಿಡೀಬೇಕಾ?"

ಹಿಡಿಯಬೇಕಿತ್ತು ಎಂದು ಅವನಿಗೆ ಅನಿಸಿತು. ಯಾರಾದರೂ ಕಾಲು ಹಿಡಿದಿದ್ದರೆ, ಬಲವಂತ ಮಾಡಿದ್ದರೆ, ಬೈದಿದ್ದರೆ ಸುಲಭವಾಗುತ್ತಿತ್ತು. ಎಲ್ಲರೂ ಅವನ ಮತವನ್ನು ಜೇಬಿನಲ್ಲಿರುವ ಕರವಸ್ತ್ರದಂತೆ ಇದ್ದೇ ಇದೆ ಎಂದುಕೊಂಡಿದ್ದರು. ಒಬ್ಬನನ್ನು ಬಿಟ್ಟು. ಆ ಕಡೆಯ ಸಾಲಿನಿಂದ ಗ್ರಾಂಟ್ ಲೋಫ್ಟಸ್ ನಡೆದು ಬಂದ. ಮೂವತ್ತೊಂದರ ವಕೀಲ, ಆಶ್ರಮ ಮುಚ್ಚಲೇಬೇಕೆಂಬ ಗುಂಪಿನ ಮುಖಂಡ, ಚೆನ್ನಾಗಿ ಇಸ್ತ್ರಿ ಮಾಡಿದ ಮನುಷ್ಯ. ಅವನ ಕೈಯಲ್ಲಿ ಎರಡು ಹಾಳೆಗಳಿದ್ದವು. ವರ್ಲಿನ್‌ನ ಮೇಜಿನ ಅಂಚಿನ ಮೇಲೆ ಕುಂಡೆಯೂರಿ ಕೂತು, ಬಹಳ ಗೌರವದಿಂದ ಮಾತಾಡಿದ.

"ಹಿರಿಯರು ನೀವು. ನಿಮ್ಮ ಆ ಭಾಷಣ ನಾನು ಲಾ ಕಾಲೇಜಲ್ಲಿದ್ದಾಗ ಬಾಯಿಪಾಠ ಮಾಡಿದ್ದೆ, ಗೊತ್ತಾ? ಸೋತವನ ಕೈ ತೊಡೆ ಮೇಲೆ ಅಂತ. ಏನ್ ಮಾತದು! ನೀವು ಓಟು ಹಾಕಿದ್ರೆ ನಾನು ಎದ್ದುನಿಂತು ಇದನ್ನ ಪೂರ್ತಿ ಓದ್ತೀನಿ, ಅಷ್ಟೇ. ಒಂದು ಮಾತೂ ನಂದು ಸೇರ್ಸಲ್ಲ. ಎಲ್ಲ ನಿಮ್ಮದೇ."

"ಬೆದರಿಕೆನಾ?"

"ಛೆ ಛೆ. ನಿಮ್ಮ ಭಾಷಣ ನಿಮ್ಗೇ ಬೆದರಿಕೆ ಆಗುತ್ತಾ? ನೀವು ಒಳಗಿಲ್ದಿದ್ರೆ ಓದೋ ಪ್ರಮೇಯನೇ ಬರಲ್ಲ." ಬಾತುಕೋಳಿಯ ತಲೆ ಸವರಿ ಎದ್ದು ಹೋದ.

ವರ್ಲಿನ್ ತನ್ನ ಕೈಗಳನ್ನು ನೋಡಿಕೊಂಡ. ಅವು ತೊಡೆಯ ಮೇಲಿದ್ದವು. ಯಾವಾಗ ಅಲ್ಲಿಗೆ ಬಂದವೋ ತಿಳಿಯಲಿಲ್ಲ. ತಟಕ್ಕನೆ ಮೇಜಿನ ಮೇಲಿಟ್ಟ, ಅದೂ ಸರಿಯೆನಿಸದೆ ಜೇಬಿಗೆ ತುರುಕಿದ. ಬೆಳಗಿನ ಪತ್ರಿಕೆಯಲ್ಲೂ ಒಬ್ಬ ಕೇಳಿದ್ದ, ನಿಯಮದ ಅಪ್ಪ ಇವತ್ತು ಕೈ ಎತ್ತುತ್ತಾನೋ ಎಂದು. ಹದಿನಾರು ವರ್ಷದಲ್ಲಿ ಅವನು ಮಾಡಿದ್ದರಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಅದೊಂದೇ. ಸೇತುವೆಗೆ ಬೇರೆ ಯಾರದೋ ಹೆಸರಿಟ್ಟರು, ಶಾಲೆಯ ಮಸೂದೆಯನ್ನು ರಾಜ್ಯಪಾಲ ಹಿಂದಕ್ಕೆ ಕಳಿಸಿದ. ಉಳಿದದ್ದು ಒಂದು ನಿಯಮ, ಅದರ ಜೊತೆ ಒಂದು ಹೆಸರು. ಅವನು ಸತ್ತಾಗ ಪತ್ರಿಕೆಯ ಮೂಲೆಯಲ್ಲಿ ಬರುವ ನಾಲ್ಕು ಸಾಲಿನಲ್ಲಿ ಎರಡು ಸಾಲು ಅದೇ ಇರುತ್ತದೆ. ಅದನ್ನು ಓದಿ ಜನ ನಕ್ಕರೆ? ಒಬ್ಬ ಮನುಷ್ಯ ಸತ್ತಮೇಲಿನ ನಾಲ್ಕು ಸಾಲಿಗಾಗಿ ಬದುಕಿರುವ ತಮ್ಮನ ವಿಷಯದಲ್ಲಿ ಅನುಮಾನಿಸುತ್ತಾನೆಂದರೆ ಅವನ ಬಗ್ಗೆ ಏನು ಹೇಳುವುದು! ವರ್ಲಿನ್ ತನಗೆ ತಾನೇ ಹಾಗೆ ಹೇಳಿಕೊಂಡ ಕೂಡ. ಹೇಳಿಕೊಂಡದ್ದರಿಂದ ಏನೂ ಬದಲಾಗಲಿಲ್ಲ.

ಹತ್ತೂವರೆಗೆ ಮೇಲಿನ ಗ್ಯಾಲರಿ ತುಂಬಿತು. ಆಲ್ಡರ್ ಕ್ರೀಕಿನಿಂದ ಬಸ್ಸು ಬಂದಿತ್ತು. ಮುಂದೆ ಇರ್ಮಾ ಹಾವ್ಲಿಕ್, ಎಪ್ಪತ್ತಾರರ ಗಟ್ಟಿ ಹೆಂಗಸು. ಅವಳ ಮಗಳು ನಲವತ್ತು ವರ್ಷದಿಂದ ಆಶ್ರಮದಲ್ಲಿದ್ದಾಳೆ. ಬಸ್ಸು ಹೊರಡಿಸುವುದು, ತಲೆ ಎಣಿಸುವುದು, ಟೋಪಿ ಹುಡುಕಿಕೊಡುವುದು ಎಲ್ಲ ಅವಳದೇ. ಅವಳ ಹಿಂದೆ ಹದಿನೈದು ಜನ ಸಾಲಾಗಿ, ನಡುವೆ ರೇಮಂಡ್. ಕೆಂಪು ಸ್ವೆಟರು, ಎದೆಯ ಮೇಲೆ ಹೆಸರಿನ ಚೀಟಿ, ಒದ್ದೆ ಮಾಡಿ ಬಾಚಿದ ಕೂದಲು. ಅವನು ಕಟಾಂಜನಕ್ಕೆ ಹೊಟ್ಟೆಯೊತ್ತಿ ನಿಂತು ಇಡೀ ಸಭೆಗೆ ಕೇಳುವಂತೆ, "ವರ್ಲಿನ್! ನಾನಿಲ್ಲಿ!" ಎಂದು ಕೂಗಿದ. ಕೆಲವರು ತಿರುಗಿ ನೋಡಿ ನಕ್ಕರು, ಕೆಟ್ಟ ನಗೆಯಲ್ಲ. ವರ್ಲಿನ್ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹೋಗದಂತೆ ಎತ್ತಿ ಆಡಿಸಿದ. ಅಷ್ಟರಲ್ಲಿ ರೇಮಂಡ್ ಇನ್ನೊಮ್ಮೆ ಕೂಗಿದ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ರೇಮಂಡ್ ಹೀಗೇ ಕೂಗಿದ್ದ, ಆಶ್ರಮದ ಗೇಟಿನ ಒಳಗಿನಿಂದ. ಕಡುಬು ತಿನ್ನಲು ಹೋಗೋಣ ಬಾ ಎಂದು ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದವನು ವರ್ಲಿನ್. ಕಡುಬಿನ ಅಂಗಡಿಯ ಮುಂದೆಯೇ ಹಾದುಹೋಗಿತ್ತು ಗಾಡಿ. ರೇಮಂಡ್ ಬೆರಳು ತೋರಿಸಿದರೆ, "ಮುಂದೆ ಇನ್ನೂ ಒಳ್ಳೇ ಅಂಗಡಿ ಇದೆ" ಎಂದಿದ್ದ. ಮೊದಲು ಪ್ರತಿ ಭಾನುವಾರ ಹೋಗುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಕ್ರಿಸ್‌ಮಸ್ಸಿಗೆ ಮತ್ತು ಚುನಾವಣೆಯ ವರ್ಷದ ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರಿನಲ್ಲಿ ಫೋಟೋ ತೆಗೆಯುವವನೂ ಜೊತೆಗಿರುತ್ತಿದ್ದ. ಕರಪತ್ರದ ಎರಡನೆಯ ಪುಟದಲ್ಲಿ ರೇಮಂಡ್ ಕಿತ್ತಳೆ ಸೋಡಾ ಹಿಡಿದು ನಗುತ್ತಿದ್ದಾನೆ, ಕೆಳಗೆ 'ಕುಟುಂಬವೇ ಮೊದಲು' ಎಂದು ದಪ್ಪ ಅಕ್ಷರ. ರೇಮಂಡ್ ಏನೂ ಸಾಧು ಪ್ರಾಣಿಯಲ್ಲ, ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ, ಪಕ್ಕದವರ ಬಿಸ್ಕತ್ತು ಕದಿಯುತ್ತಾನೆ, ಕೇಳಿದರೆ ನಾನಲ್ಲ ಎಂದು ಬಾಯ್ತುಂಬ ಸುಳ್ಳು ಹೇಳುತ್ತಾನೆ. ಆದರೆ ಆ ಆಶ್ರಮದ ಪ್ರತಿಯೊಂದು ಮೆಟ್ಟಿಲೂ ಅವನಿಗೆ ಗೊತ್ತು, ಅಡುಗೆಯವಳ ಹೆಸರು ಗೊತ್ತು, ರಾತ್ರಿ ಯಾವ ದೀಪ ಉರಿಯುತ್ತಿರುತ್ತದೆಂದು ಗೊತ್ತು. ಬೇರೆ ಕಡೆ ಹಾಕಿದರೆ ಸೊರಗಿಹೋಗುತ್ತಾನೆಂದು ವೈದ್ಯರು ಬರೆದುಕೊಟ್ಟ ಕಾಗದ ವರ್ಲಿನ್‌ನ ಜೇಬಿನಲ್ಲಿಯೇ ಇತ್ತು.

ಚರ್ಚೆ ಎರಡು ಗಂಟೆ ನಡೆಯಿತು. ಯಾರು ಏನು ಮಾತಾಡಿದರೆಂದು ವರ್ಲಿನ್‌ಗೆ ಕೇಳಿಸಲಿಲ್ಲ. ಲೋಫ್ಟಸ್‌ನ ಕೈಯ ಎರಡು ಹಾಳೆಗಳನ್ನು ಮಾತ್ರ ನೋಡುತ್ತಿದ್ದ. ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿರುವಾಗ ಸಭಾಧ್ಯಕ್ಷ ಮತಕ್ಕೆ ಹಾಕಲು ಗಂಟಲು ಸರಿ ಮಾಡಿಕೊಂಡ. ವರ್ಲಿನ್ ಎದ್ದ. ತಾನು ಏಳುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಎದ್ದ ಮೇಲೆಯೇ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ, ಆದರೆ ಅದು ನಿಜವಲ್ಲ. ಹನ್ನೆರಡು ಗಂಟೆಯಿಂದಲೇ ಅವನು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕುತ್ತಿದ್ದ. ಹೊಟ್ಟೆ ಸರಿಯಿಲ್ಲ ಎಂಬುದನ್ನು ಕೂಡ ಆಗಲೇ ಯೋಚಿಸಿಟ್ಟಿದ್ದ. ಹೊಟ್ಟೆ ಕೆಡುವುದು ಅಪರಾಧವಲ್ಲ, ಯಾವ ಪತ್ರಿಕೆಯೂ ಅದರ ಬಗ್ಗೆ ಬರೆಯುವುದಿಲ್ಲ. "ಎಲ್ಲಿಗೋ?" ಎಂದ ಕ್ಲೈಡ್. "ಹೊಟ್ಟೆ" ಎಂದು ಕೈ ತೋರಿಸಿ ಹೊರಟ. ರೋಸ್ಲಿನ್ ಆ ಮೂಲೆಯಲ್ಲಿ ಬೇರೊಬ್ಬನ ತೋಳು ಹಿಡಿದು ಮಾತಾಡುತ್ತಿದ್ದಳು, ನೋಡಲಿಲ್ಲ. ಹೊರಗಿನ ಕಾರಿಡಾರಿನಲ್ಲಿ ಎಡಕ್ಕೆ ತಿರುಗಿದರೆ ಗಂಡಸರ ಶೌಚಾಲಯ.

ಒಳಗೆ ಯಾರೂ ಕಾಣಲಿಲ್ಲ. ಒಂದು ಮುಚ್ಚಿದ ಬಾಗಿಲ ಹಿಂದೆ ಯಾರೋ ಸಣ್ಣಗೆ ಗುನುಗುತ್ತಿದ್ದಂತೆ ಅನಿಸಿತು, ಅವನು ಗಮನ ಕೊಡಲಿಲ್ಲ. ಕನ್ನಡಿಯ ಮೇಲೆ ಗೂಡಿನಲ್ಲಿ ಧ್ವನಿವರ್ಧಕವಿತ್ತು, ಸಭೆಯ ಕಲಾಪ ಶೌಚಾಲಯಕ್ಕೂ ಕೇಳಲೆಂದು ಯಾವ ಕಾಲದಲ್ಲೋ ಹಾಕಿಸಿದ್ದು. ಎಲ್ಲ ಸದಸ್ಯರೂ ಮತ ಹಾಕಿದಿರೇ, ಎಂದು ಅದು ಕೇಳಿತು. ಎಲ್ಲರೂ ಹಾಕಿದಿರೇ? ವರ್ಲಿನ್ ನಲ್ಲಿ ತಿರುಗಿಸಿ ನೀರಿನ ಕೆಳಗೆ ಕೈ ಹಿಡಿದ. ಐವತ್ತೊಂಬತ್ತು ಎನ್ನುತ್ತಾರೆ, ಮುಗಿಯಿತು. ನಾನು ಬೇಡ ಅನ್ನಲಿಲ್ಲ, ನಾನು ಇರಲಿಲ್ಲ, ಅಷ್ಟೆ. ಧ್ವನಿವರ್ಧಕ ಗೊರಗೊರ ಎಂದಿತು. "ಪರ ಅರವತ್ತು, ವಿರುದ್ಧ ಮೂವತ್ತೊಂಬತ್ತು. ಮಸೂದೆ ಅಂಗೀಕಾರವಾಗಿದೆ ಎಂದು..." ಮೇಲೆ ಗ್ಯಾಲರಿಯಲ್ಲಿ ಕಿರುಚಾಟ, ಕಾಲು ಬಡಿಯುವ ಸದ್ದು ಗೋಡೆಯ ಮೂಲಕವೇ ಬಂತು.

ಕ್ಲೈಡ್! ಬಿದಿರಿನ ಕೋಲು! ವರ್ಲಿನ್‌ಗೆ ಒಮ್ಮೆಲೇ ಅಳು ಬಂದುಬಿಟ್ಟಿತು. ಎಷ್ಟೋ ವರ್ಷದಿಂದ ಇಂಥ ಸಂತೋಷ ಅವನಿಗೆ ಆಗಿರಲಿಲ್ಲ. ದೀಪ ಹೊತ್ತಿದೆ, ಕೈ ಎತ್ತಿಲ್ಲ. ಆಶ್ರಮವೂ ಉಳಿಯಿತು, ಹೆಸರೂ ಉಳಿಯಿತು. ಹಾಲೂ ಕುಡಿದ ಹಾಗಾಯಿತು, ಮೀಸೆಯೂ ನೆನೆಯಲಿಲ್ಲ. ಮುಖಕ್ಕೆ ನೀರು ಎರಚಿಕೊಂಡ. ಕನ್ನಡಿಯಲ್ಲಿ ಒದ್ದೆ ಮುಖದ ಒಬ್ಬ ಒಳ್ಳೆಯ ಮನುಷ್ಯ ಕಾಣುತ್ತಿದ್ದ. ಬೇಸಿಗೆಯಲ್ಲಿ ರೇಮಂಡ್‌ನನ್ನು ನಿಜವಾಗಿಯೂ ಕಡುಬಿನ ಅಂಗಡಿಗೆ ಕರೆದೊಯ್ಯಬೇಕು ಎಂದುಕೊಂಡ, ಪ್ರತಿ ಭಾನುವಾರ ಹೋಗಬೇಕು, ಈಗ ಹೇಗೂ ಬಿಡುವಿದೆ.

"ಸಭಾಧ್ಯಕ್ಷರೇ," ಎಂದಿತು ಲೋಫ್ಟಸ್‌ನ ದನಿ, ನಯವಾಗಿ, ಅವಸರವಿಲ್ಲದೆ, "ಹೌದು ಎಂದ ಮತಗಳ ಪರಿಶೀಲನೆ ಬೇಕು."

ಈ ಸಭೆಯಲ್ಲಿ ಯಾರು ಕೇಳಿದರೂ ಅದಕ್ಕೆ ಇಲ್ಲ ಎನ್ನುವಂತಿಲ್ಲ. ಹೌದು ಎಂದವರ ಹೆಸರು ಕರೆಯಬೇಕು, ಸಭಾಂಗಣದೊಳಗೆ ಕಣ್ಣಿಗೆ ಕಾಣದವನ ದೀಪವನ್ನು ಆರಿಸಬೇಕು. ಗುಮಾಸ್ತ ಓದತೊಡಗಿದ. ವರ್ಣಮಾಲೆಯಂತೆ ಹೆಸರುಗಳು ಒಂದೊಂದಾಗಿ ಬಂದವು. ವರ್ಲಿನ್ ಕೈ ಒರೆಸಿಕೊಂಡು ಬಾಗಿಲ ಬಳಿ ನಿಂತ. ಹೊರಗೆ ಹೋದರೆ ಸಭಾಂಗಣಕ್ಕೆ ಹತ್ತೊಂಬತ್ತು ಹೆಜ್ಜೆ. ಒಳಗೆ ಕಾಲಿಟ್ಟರೆ ಸಾಕು, ಮಾತಾಡಬೇಕಾಗಿಲ್ಲ, ಕೂರಬೇಕಾಗಿಯೂ ಇಲ್ಲ. ಆದರೆ ಕಾಲಿಟ್ಟ ಕೂಡಲೇ ನೂರು ಮುಖ ತಿರುಗುತ್ತವೆ, ಲೋಫ್ಟಸ್ ಎದ್ದು ಹಾಳೆ ಬಿಚ್ಚುತ್ತಾನೆ, ರೇಮಂಡ್ ಮೇಲಿನಿಂದ ಕೂಗುತ್ತಾನೆ, ಎಲ್ಲರೂ ಅವನ ಕೈ ನೋಡುತ್ತಾರೆ. ಎಸ್ ಅಕ್ಷರಕ್ಕೆ ಇನ್ನೂ ಸಮಯವಿದೆ ಎಂದುಕೊಂಡ. ಎಂಟು ಹೆಸರು. ಐದು.

ಹಿಂದೆ ನೀರು ಹರಿದ ಸದ್ದಾಯಿತು. ಮುಚ್ಚಿದ ಬಾಗಿಲು ತೆರೆದು ರೇಮಂಡ್ ಹೊರಬಂದ, ಸ್ವೆಟರಿನ ಅರ್ಧವನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡಿದ್ದ.

"ವರ್ಲಿನ್! ನೀನೂ ಬಂದ್ಯಾ? ಇರ್ಮಾ ಒಬ್ನೇ ಹೋಗು ಅಂದ್ಲು. ನಾನು ಒಬ್ನೇ ಬಂದೆ."

"ಜಾಣ."

"ಶ್ರೀ ಸ್ಟೋಲ್ಟ್ಸ್ ಸಭಾಂಗಣದಲ್ಲಿ ಇದ್ದಾರೆಯೇ?" ಎಂದಿತು ಧ್ವನಿವರ್ಧಕ.

ರೇಮಂಡ್ ತಲೆಯೆತ್ತಿ ಅದನ್ನು ನೋಡಿದ. ತನ್ನ ಮನೆತನದ ಹೆಸರು ಅವನಿಗೆ ಗೊತ್ತು. "ನಿನ್ನ ಕರೀತಿದಾರೆ."

"ಶ್!"

"ಇಲ್ಲೇ ಇದ್ದ ಸ್ವಾಮಿ, ಈಗ ಬಂದ, ಒಂದ್ನಿಮಿಷ!" ಕ್ಲೈಡ್ ಎಲ್ಲಿಂದಲೋ ಅರಚುತ್ತಿದ್ದ. ರೋಸ್ಲಿನ್‌ಳ ಚಪ್ಪಲಿ ಕಾರಿಡಾರಿನಲ್ಲಿ ಟಕಟಕ ಓಡಿತು, ಬಲಕ್ಕೆ, ಕಾಫಿ ಕೋಣೆಯ ಕಡೆಗೆ. "ವರ್ಲಿನ್! ವರ್ಲಿನ್, ಎಲ್ಲಿದ್ದೀಯೋ!"

"ನಿನ್ನೇ ಕರೀತಿದಾರೆ ಕಣೋ" ಎಂದ ರೇಮಂಡ್, ಈ ಸಲ ಜೋರಾಗಿ. ವರ್ಲಿನ್ ಅವನ ಬಾಯಿಯ ಮೇಲೆ ಕೈ ಇಟ್ಟ. ಮೆತ್ತಗೆ ಇಟ್ಟೆ ಎಂದೇ ಅವನು ಅಂದುಕೊಂಡ. ರೇಮಂಡ್‌ನ ಕಣ್ಣು ಮೊದಲು ಅಗಲವಾಯಿತು. ಆಮೇಲೆ ಅವನಿಗೆ ಏನೋ ಹೊಳೆಯಿತು, ಕಣ್ಣು ಮಿನುಗಿತು. ಕಣ್ಣಾಮುಚ್ಚಾಲೆ! ಚಿಕ್ಕಂದಿನಲ್ಲಿ ಜೋಳದ ಕಣಜದ ಹಿಂದೆ ವರ್ಲಿನ್ ಅವನ ಬಾಯಿಯನ್ನು ಹೀಗೇ ಮುಚ್ಚಿ ಹಿಡಿಯುತ್ತಿದ್ದ, ಅವ್ವ ಅಂಗಳದಲ್ಲಿ ಹುಡುಕುತ್ತಿರುವಾಗ. ರೇಮಂಡ್ ತಾನೂ ಒಂದು ಬೆರಳನ್ನು ತುಟಿಯ ಮೇಲಿಟ್ಟು, ಗೋಡೆಗೆ ಒತ್ತಿ ನಿಂತು, ನಗೆ ತಡೆಯಲಾರದೆ ಮೈಯೆಲ್ಲ ಕುಲುಕಿಸಿದ. ಎರಡನೆಯ ಸಲ ಹೆಸರು ಕರೆದರು. ವರ್ಲಿನ್‌ನ ಇನ್ನೊಂದು ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಹಿತ್ತಾಳೆ ತಣ್ಣಗಿತ್ತು. ಅದನ್ನು ತಿರುಗಿಸುವುದು ಎಷ್ಟು ಸುಲಭವೆಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು, ಬಾಗಿಲು ಒಳಕ್ಕೆ ತೆರೆಯುತ್ತದೆಂಬುದೂ ತಿಳಿದಿತ್ತು. ಮೂರನೆಯ ಸಲ.

"ಶ್ರೀ ಸ್ಟೋಲ್ಟ್ಸ್ ಅವರ ಮತವನ್ನು ತೆಗೆಯಲಾಗಿದೆ. ಪರ ಐವತ್ತೊಂಬತ್ತು. ನಿಯಮ ನಲವತ್ನಾಲ್ಕರ ಪ್ರಕಾರ ಮಸೂದೆ ಬಿದ್ದಿದೆ."

ರೇಮಂಡ್ ಅವನ ಕೈಯನ್ನು ಬಾಯಿಯಿಂದ ಸರಿಸಿ, ಉಸಿರು ಬಿಟ್ಟು, ಚಪ್ಪಾಳೆ ತಟ್ಟಿದ. "ಸಿಕ್ಲಿಲ್ಲ! ನಾವು ಸಿಕ್ಲಿಲ್ಲ ವರ್ಲಿನ್!"

ವರ್ಲಿನ್ ಅವನ ಸ್ವೆಟರನ್ನು ಪ್ಯಾಂಟಿನಿಂದ ಹೊರತೆಗೆದು ಸರಿಮಾಡಿ, "ನೀನು ಮುಂದೆ ಹೋಗು" ಎಂದ. ಎರಡು ನಿಮಿಷ ಬಿಟ್ಟು ತಾನು ಹೊರಬಂದ.

ಕಾರಿಡಾರಿನಲ್ಲಿ ಮೊದಲು ಸಿಕ್ಕವಳು ರೋಸ್ಲಿನ್. ಅವನ ಒದ್ದೆ ಮುಖ, ಒದ್ದೆ ಕಾಲರು ನೋಡಿದಳು, ನಿಜವಾಗಿಯೂ ಕಾಯಿಲೆಯೇ ಇರಬಹುದೆಂದು ಒಂದು ಕ್ಷಣ ನಂಬಲು ನೋಡಿದಳು, ಆಮೇಲೆ ಕೈಯಲ್ಲಿದ್ದ ಪಟ್ಟಿಯನ್ನು ನಾಲ್ಕಾಗಿ ಮಡಿಚಿ ಅವನ ಕೋಟಿನ ಮೇಲಿನ ಜೇಬಿನಲ್ಲಿಟ್ಟು ನಡೆದುಹೋದಳು. ಲೋಫ್ಟಸ್ ದೂರದಿಂದಲೇ ತಲೆಬಾಗಿ ನಮಸ್ಕರಿಸಿದ. ಅವನ ಜೊತೆಯಲ್ಲಿದ್ದ ಒಬ್ಬ ಮುದಿ ಸದಸ್ಯ ಹತ್ತಿರ ಬಂದು ವರ್ಲಿನ್‌ನ ಕೈ ಕುಲುಕಿ, "ಆಡಿದ ಮಾತಿನಂತೆ ನಡ್ಕೊಂಡೋರನ್ನ ಈ ಕಾಲದಲ್ಲಿ ಎಲ್ಲಿ ನೋಡೋದು" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ವರ್ಲಿನ್ ಇಲ್ಲ ಎನ್ನಲಿಲ್ಲ. ಹೊಗಳಿಕೆ ಬಿಸಿ ನೀರಿನಂತೆ ಮೈಮೇಲೆ ಇಳಿಯಿತು, ಅದು ಹಿತವಾಗಿಯೇ ಇತ್ತು. ಹಿತವಾಗುತ್ತಿದೆಯಲ್ಲ ಎಂದು ಅವನಿಗೆ ಅಸಹ್ಯವೂ ಆಯಿತು, ಆದರೆ ಹಿತವೇ ಮೊದಲು ಬಂತು.

ಗುಮ್ಮಟದ ಕೆಳಗೆ ಆಲ್ಡರ್ ಕ್ರೀಕಿನವರು ಕೋಟು ಹಾಕಿಕೊಳ್ಳುತ್ತಾ ನಿಂತಿದ್ದರು. ಕೆಲವರು ಅಳುತ್ತಿದ್ದರು, ಯಾಕೆಂದು ಗೊತ್ತಿದ್ದವರು. ಉಳಿದವರು ಅಳುವವರನ್ನು ನೋಡಿ ಅಳುತ್ತಿದ್ದರು. ಹಿಂದಿನ ಬಾಗಿಲಿನಿಂದ ಹೋಗಿಬಿಡೋಣ ಎಂದು ವರ್ಲಿನ್ ತಿರುಗುವಷ್ಟರಲ್ಲಿ ಇರ್ಮಾ ಹಾವ್ಲಿಕ್ ಅವನನ್ನು ಕಂಡುಬಿಟ್ಟಳು. ದಾಪುಗಾಲಿಟ್ಟು ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡಳು. ಅವಳ ಕೋಟಿನಿಂದ ಕರ್ಪೂರದ ಗುಳಿಗೆಯ ವಾಸನೆ ಬರುತ್ತಿತ್ತು.

"ನಾವು ನೋಡಿದ್ವಪ್ಪ. ನಿನ್ನ ಹೆಸರಿನ ಮುಂದೆ ಹಸಿರು ದೀಪ ಹತ್ತಿದ್ದನ್ನ ಎಲ್ಲಾರೂ ನೋಡಿದ್ವಿ. ನೀನು ಹಾಕ್ದೆ. ಆ ಹಾಳಾದವನು ಮೋಸ ಮಾಡಿ ಆರಿಸ್ಬಿಟ್ಟ."

"ಹೂಂ" ಎಂದ ವರ್ಲಿನ್.

"ನೀನು ಎಲ್ಲಿ ಹೋಗಿದ್ದೆ ಆವಾಗ? ನಿನ್ನ ಕರೆದ್ರು, ಕರೆದ್ರು..."

"ರಾಜ್ಯಪಾಲರ ಕಚೇರಿಗೆ. ಕೊನೇ ಗಳಿಗೇಲಿ ಏನಾದ್ರೂ ಮಾಡಕ್ಕಾಗುತ್ತಾ ಅಂತ ಕೇಳೋಕೆ. ಓಡಿ ಬಂದೆ, ಅಷ್ಟರಲ್ಲಿ..." ಅವನ ದನಿ ಒಡೆಯಿತು. ಆ ಒಡಕು ಸುಳ್ಳಲ್ಲ. ಇರ್ಮಾ ಅವನ ಬೆನ್ನು ನೇವರಿಸಿದಳು. "ಪಾಪ, ಪಾಪ" ಎಂದಳು. ಸುತ್ತಲಿದ್ದ ನಾಲ್ಕೈದು ಜನ ತಂದೆತಾಯಂದಿರು ಹತ್ತಿರ ಬಂದು ಅವನ ತೋಳು ಮುಟ್ಟಿದರು.

"ಇಲ್ಲ" ಎಂದ ರೇಮಂಡ್. ಅವನು ಒಂದು ತೋಳನ್ನು ಮಾತ್ರ ಕೋಟಿನೊಳಗೆ ತೂರಿಸಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ. ಮುಖದಲ್ಲಿ ಇನ್ನೂ ಆಟ ಗೆದ್ದ ಖುಷಿ. "ವರ್ಲಿನ್ ಎಲ್ಲೂ ಹೋಗಿಲ್ಲ. ಪಾಯಿಖಾನೇಲಿದ್ದ. ನಾನೂ ಇದ್ದೆ. ನಾವು ಬಾಗಿಲ ಹಿಂದೆ ಅಡಗಿದ್ವಿ. ಅವ್ರು ಕರೆದ್ರು, ನಾವು ಉಸಿರೇ ಬಿಡ್ಲಿಲ್ಲ."

ಇರ್ಮಾ ರೇಮಂಡ್‌ನನ್ನು ನೋಡಿದಳು, ವರ್ಲಿನ್‌ನನ್ನು ನೋಡಿದಳು. ವರ್ಲಿನ್‌ಗೆ ಗೊತ್ತಿತ್ತು, ಈಗ ತಾನು ನೆಲ ನೋಡಿದರೂ ಸಾಕು, ಅವಳು ತಮ್ಮನ ಮಾತನ್ನೇ ನಂಬಿಬಿಡುತ್ತಾಳೆ. ಅವನು ನೆಲ ನೋಡಲಿಲ್ಲ. ಇರ್ಮಾಳ ಕಣ್ಣನ್ನೇ ನೋಡುತ್ತಾ, ದಣಿದ ಮುಗುಳ್ನಗೆಯೊಂದನ್ನು ತಂದುಕೊಂಡು, ತಲೆಯನ್ನು ನಿಧಾನವಾಗಿ ಅಡ್ಡ ಆಡಿಸಿದ, ಏನು ಮಾಡೋದು, ಇವನು ಹೀಗೇ ಅಲ್ಲವೇ ಎನ್ನುವ ಹಾಗೆ.

"ರೇಮಂಡ್," ಎಂದಳು ಇರ್ಮಾ ಕಠಿಣವಾಗಿ, "ಬಿಸ್ಕತ್ತಿನ ವಿಷಯದಲ್ಲಿ ಸುಳ್ಳು ಹೇಳೋದು ಬೇರೆ. ಇವತ್ತು ಬೇಡ. ನಿನ್ನಣ್ಣ ನಿಮ್ಮೆಲ್ಲರಿಗೋಸ್ಕರ ಎಷ್ಟು ಓಡಾಡಿದ್ದಾನೆ ಗೊತ್ತಾ? ಅವನಿಗೆ ಎದೆ ಒಡೆದುಹೋಗಿದೆ. ಏನ್ ಹೇಳ್ಬೇಕು ಈಗ?"

"ಆದ್ರೆ ನಾವು ಅಡಗಿದ್ವಿ."

"ರೇಮಂಡ್. ಏನ್ ಹೇಳ್ಬೇಕು?"

ರೇಮಂಡ್ ಅಣ್ಣನ ಮುಖ ನೋಡಿದ. ಬಹಳ ಹೊತ್ತು ನೋಡಿದ, ಆಟದಲ್ಲಿ ಮುಂದಿನ ಸರದಿ ಯಾರದೆಂದು ಅಲ್ಲಿ ಬರೆದಿದೆಯೋ ಎಂಬಂತೆ. ವರ್ಲಿನ್ ಆ ದಣಿದ ಮುಗುಳ್ನಗೆಯನ್ನು ಹಾಗೇ ಹಿಡಿದುಕೊಂಡಿದ್ದ. ಖಾಲಿ ತೋಳು ಹುಡುಕುತ್ತಿದ್ದ ರೇಮಂಡ್‌ನ ಕೈ ನಿಂತಿತು. ಖುಷಿ ಮುಖದಿಂದ ಮೆಲ್ಲಗೆ ಇಳಿದುಹೋಯಿತು.

"ತಪ್ಪಾಯ್ತು ವರ್ಲಿನ್" ಎಂದ. "ನಾವು ಅಡಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ಎಲ್ಲರೂ ವರ್ಲಿನ್‌ನ ಕಡೆ ನೋಡುತ್ತಿದ್ದರು. ಅವನು ತಮ್ಮನ ಕೋಟಿನ ತೋಳನ್ನು ಎತ್ತಿ ಹಿಡಿದು, ಕೈ ತೂರಿಸಲು ನೆರವಾಗಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ.

"ಹೋಗ್ಲಿ ಬಿಡೋ" ಎಂದ, "ನನಗೇನೂ ಬೇಜಾರಿಲ್ಲ."